ಪುಲ್ಲಿ ಬೋಲ್ಟಿಗೆ ಪೈಪ್ ಹಾಕಿ ತುಳಿಯಬಹುದಾ?

ಪ್ರಶ್ನೆ: ನನ್ನ ಹಳೇ ಡೀಸೆಲ್ ಕಾರಿಗೆ ಟೈಮಿಂಗ್ ಬೆಲ್ಟ್ ಮನೆಯಲ್ಲೇ ಬದಲಾಯಿಸುತ್ತಿದ್ದೇನೆ. ಕ್ರ್ಯಾಂಕ್ ಪುಲ್ಲಿ (ಇಂಜಿನ್ನಿನ ಮುಖ್ಯ ದಂಡದ ತುದಿಯ ಚಕ್ರ) ಬೋಲ್ಟಿಗೆ 120 ನ್ಯೂಟನ್ ಮೀಟರ್, ಆಮೇಲೆ ಇನ್ನೂ 90 ಡಿಗ್ರಿ ಅಂತ ಸರ್ವಿಸ್ ಪುಸ್ತಕದಲ್ಲಿದೆ. ನನ್ನ ಟಾರ್ಕ್ ರೆಂಚ್ (ಬಿಗಿತ ಅಳೆಯುವ ಸ್ಪಾನರ್) 110ಕ್ಕೇ ನಿಲ್ಲುತ್ತದೆ. ಪೈಪ್ ಸಿಕ್ಕಿಸಿ ತುಳಿದರೆ ಸಾಕಾ? ಹಳೇ ಬೋಲ್ಟ್ ಚೆನ್ನಾಗೇ ಇದೆ.
– ಓದುಗರು, ಮೂಡಿಗೆರೆ

ಉತ್ತರ: ಬೇಡ ಮಾರಾಯ್ರೇ, ತುಳಿಯಬೇಡಿ. 120 ಅಂದರೆ ಅರ್ಧ ಮೀಟರ್ ಹಿಡಿಯ ತುದಿಯಲ್ಲಿ ಸುಮಾರು 24 ಕಿಲೋ ಭಾರ, ಅಷ್ಟೇ. ನೀವು ಪೂರ್ತಿ ಮೈಭಾರ ಹಾಕಿದರೆ ಅದರ ಎರಡು ಮೂರು ಪಟ್ಟು ಬೀಳುತ್ತೆ, ಎಷ್ಟು ಬಿತ್ತು ಅಂತ ಲೆಕ್ಕವೂ ಸಿಗಲ್ಲ. ದೊಡ್ಡ ಟಾರ್ಕ್ ರೆಂಚ್ ಲಾರಿ ರಿಪೇರಿ ಮಾಡುವವರ ಹತ್ತಿರ ಇರುತ್ತೆ, ಒಂದು ದಿನಕ್ಕೆ ಕೇಳಿ ತನ್ನಿ. ಹಾಸನಕ್ಕೆ ಬಂದರೆ ಬಿ.ಎಂ. ರಸ್ತೆಯಲ್ಲೂ ವಿಚಾರಿಸಿ.

ಹಳೇ ಬೋಲ್ಟ್ ಎಸೆಯಿರಿ. 90 ಡಿಗ್ರಿ ಅಂತ ಬರೆದಿರುವುದೇ ಬೋಲ್ಟ್ ಸ್ವಲ್ಪ ಎಳೆದುಕೊಳ್ಳಲಿ ಅಂತ, ಆ ಎಳೆತವೇ ಪುಲ್ಲಿಯನ್ನು ಒತ್ತಿ ಹಿಡಿಯೋದು. ಇಂಥ ಬೋಲ್ಟ್‌ಗಳು ಸಾಮಾನ್ಯವಾಗಿ ಒಮ್ಮೆ ಮಾತ್ರ ಹಾಕುವಂಥವು, ಒಮ್ಮೆ ಹಿಗ್ಗಿದ್ದು ಕಣ್ಣಿಗೆ ಕಾಣಲ್ಲ. ಥ್ರೆಡ್ಡಿಗೆ ಎಣ್ಣೆ ಹಚ್ಚಬೇಕಾ ಬೇಡ್ವಾ ಅನ್ನೋದನ್ನೂ ಪುಸ್ತಕ ನೋಡಿಯೇ ಮಾಡಿ. ಎಣ್ಣೆ ಇದ್ದರೆ ಅದೇ 120ಕ್ಕೆ ಬೋಲ್ಟ್ ಜಾಸ್ತಿ ಎಳೆದುಕೊಳ್ಳುತ್ತೆ.

90 ಡಿಗ್ರಿಗೆ ಟಾರ್ಕ್ ರೆಂಚ್ ಬೇಡ, ಉದ್ದ ಹಿಡಿಯ ಸಾಕೆಟ್ ಸಾಕು. 120 ಆದ ಮೇಲೆ ಬೋಲ್ಟ್ ತಲೆಗೂ ಪುಲ್ಲಿಗೂ ಸೇರಿಸಿ ಬಿಳಿ ಬಣ್ಣದ ಒಂದು ಗೆರೆ ಎಳೆಯಿರಿ. ಇಂಜಿನ್ ಮೈಗೆ ಎಳೀಬೇಡಿ, ಕ್ರ್ಯಾಂಕ್ ಕೊಂಚ ತಿರುಗಿದರೂ ಮೋಸ ಆಗುತ್ತೆ. ಆಮೇಲೆ ಕಾಲು ಸುತ್ತು. ಕ್ರ್ಯಾಂಕ್ ತಿರುಗದಂತೆ ಹಿಡಿಯಲು ಟೈಮಿಂಗ್ ಪಿನ್ (ಬೆಲ್ಟ್ ಹಾಕುವಾಗ ಇಂಜಿನ್ ಸ್ಥಾನ ತಪ್ಪದಂತೆ ಸಿಕ್ಕಿಸುವ ಕಡ್ಡಿ) ಮೇಲೆ ಭಾರ ಹಾಕಲೇಬೇಡಿ, ಪಿನ್ ಬಾಗುತ್ತೆ. ಅದಕ್ಕೆ ಅಂತಲೇ ಹಿಡಿಯುವ ಟೂಲ್ ಬರುತ್ತೆ. ಇಲ್ಲದಿದ್ದರೆ ಕಾರು ಐದನೇ ಗೇರಲ್ಲಿಟ್ಟು ಒಬ್ಬರು ಬ್ರೇಕ್ ತುಳಿದು ಕೂರಲಿ.

ಸುಮ್ನೆ ಹೆದರಿಸುತ್ತಿಲ್ಲ. ಒಮ್ಮೆ ನಾನೇ ಅವಸರಕ್ಕೆ ಹಳೇ ಬೋಲ್ಟನ್ನು ಇಂಪ್ಯಾಕ್ಟ್ ಗನ್ನಲ್ಲಿ ಬಿಗಿದು ಕಳಿಸಿದ್ದೆ. ಆ ಗಾಡಿ ಚಾರ್ಮಾಡಿ ಇಳಿದು ಬಂದಾಗ ಪುಲ್ಲಿ ಸುತ್ತ ಕೆಂಪು ತುಕ್ಕಿನ ಪುಡಿ, ಬೋಲ್ಟ್ ಕೈಯಲ್ಲೇ ಅಲ್ಲಾಡುತ್ತಿತ್ತು. ಕೆಲವು ಇಂಜಿನ್ನಲ್ಲಿ ಕ್ರ್ಯಾಂಕ್ ಸ್ಪ್ರಾಕೆಟ್ಟಿಗೆ, ಅಂದರೆ ಟೈಮಿಂಗ್ ಬೆಲ್ಟ್ ಎಳೆಯುವ ಹಲ್ಲಿನ ಚಕ್ರಕ್ಕೆ, ಜಾರದಂತೆ ತಡೆಯುವ ಕೀಲಿಯೇ ಇರಲ್ಲ, ಬೋಲ್ಟಿನ ಬಿಗಿಯೇ ಎಲ್ಲ. ಸ್ಪ್ರಾಕೆಟ್ ಜಾರಿದರೆ ಟೈಮಿಂಗ್ ತಪ್ಪಿ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತೆ.

ಬಿಗಿದಾದ ಮೇಲೆ ಪಿನ್ನೆಲ್ಲ ತೆಗೆದು, ಗೇರ್ ನ್ಯೂಟ್ರಲ್ ಮಾಡಿ, ಇಂಜಿನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ ಟೈಮಿಂಗ್ ಗುರುತು ಕೂಡಿದೆಯಾ ನೋಡಿ. ನಡುವೆ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ, ಸ್ಟಾರ್ಟರ್ ಮುಟ್ಟಬೇಡಿ.