ಆನ್‌ಲೈನ್‌ನಲ್ಲಿ ಕೊಂಡರೆ ಕಾಸರಗೋಡಿನವರಿಗೆ ತೆರಿಗೆ ಹೆಚ್ಚೇ? ಪೆರ್ಲದ ಅಣ್ಣನ ಪ್ರಶ್ನೆಗೆ ಉತ್ತರ

ಅಣ್ಣಾ, ನಿಮ್ಮ ಪ್ರಶ್ನೆಯನ್ನೂ ಅದರ ಕೆಳಗೆ ಬಂದ ಉತ್ತರಗಳನ್ನೂ ಓದಿದೆ. ತೋಟಕ್ಕೆ ಹನಿ ನೀರಾವರಿಯ ಲ್ಯಾಟರಲ್ ಪೈಪು (ಗಿಡಗಳ ಬುಡಕ್ಕೆ ನೀರು ಕೊಡುವ ಕವಲು ಪೈಪು) ಮತ್ತು ಒಂದು ವೀಡ್ ಕಟ್ಟರ್ ತರಿಸಿದ್ದೀರಿ. ಎರಡೂ ಬಿಲ್ಲುಗಳಲ್ಲಿ ಐಜಿಎಸ್‌ಟಿ (ರಾಜ್ಯಗಳ ನಡುವಿನ ಮಾರಾಟಕ್ಕೆ ಹಾಕುವ ಜಿಎಸ್‌ಟಿ) ಶೇ 18 ಎಂದಿದೆ. ಹಿಂದೆ ಕರ್ನಾಟಕದ ಪುತ್ತೂರಿನ ಅಂಗಡಿಯಲ್ಲಿ ಪಂಪು ಕೊಂಡಾಗ ಒಂಬತ್ತು, ಒಂಬತ್ತು ಎಂದು ಎರಡು ಸಾಲು ಇತ್ತು. ಕೇರಳದ ವಿಳಾಸ ಕೊಟ್ಟದ್ದರಿಂದ ಹೆಚ್ಚು ತೆರಿಗೆ ಬಿದ್ದಿತೇ, ಮುಂದೆ ಗಡಿಯಾಚೆ ವಿಟ್ಲದ ತಂಗಿಯ ಮನೆಗೆ ತರಿಸಿದರೆ ಉಳಿತಾಯವಾಗುತ್ತದೆಯೇ ಎಂದು ಕೇಳಿದ್ದೀರಿ. ಪರಿಚಯದ ವ್ಯಾಪಾರಿಯ ಜಿಎಸ್‌ಟಿ ನಂಬರು ಹಾಕಿದರೆ ಕಡಿಮೆಯಾಗುತ್ತದೆ ಎಂದು ಒಬ್ಬರು ಸಲಹೆಯನ್ನೂ ಕೊಟ್ಟಿದ್ದಾರೆ. ಆ ಸಲಹೆ ನೋಡಿಯೇ ಇಷ್ಟು ಉದ್ದ ಬರೆಯಲು ಕುಳಿತೆ.

ನೇರ ಉತ್ತರ ಹೇಳುತ್ತೇನೆ. ವಿಳಾಸದಿಂದಾಗಿ ಹೆಚ್ಚು ಬಿದ್ದಿಲ್ಲ. ಜಿಎಸ್‌ಟಿ ದರ ಪೆರ್ಲದಲ್ಲೂ ಪುತ್ತೂರಿನಲ್ಲೂ ದೆಹಲಿಯಲ್ಲೂ ಒಂದೇ. ಮಾರುವವನೂ ಕೊಳ್ಳುವವನೂ ಒಂದೇ ರಾಜ್ಯದಲ್ಲಿದ್ದರೆ ಅದು ಕೇಂದ್ರದ ಅರ್ಧ, ರಾಜ್ಯದ ಅರ್ಧ ಎಂದು ಎರಡು ಸಾಲಾಗಿ ಕಾಣುತ್ತದೆ. ಸರಕು ಗಡಿ ದಾಟಿ ಬಂದರೆ ಐಜಿಎಸ್‌ಟಿ ಎಂದು ಒಂದೇ ಸಾಲು. ರಾಜ್ಯದ ಪಾಲು ಯಾವ ಸರ್ಕಾರಕ್ಕೆ ಹೋಗಬೇಕು ಎಂಬುದನ್ನು ತೀರ್ಮಾನಿಸಲು ಇರುವ ವ್ಯವಸ್ಥೆ ಅದು. ನಿಮ್ಮ ಕಿಸೆಯಿಂದ ಹೋಗುವ ಮೊತ್ತದಲ್ಲಿ ಒಂದು ರೂಪಾಯಿಯ ವ್ಯತ್ಯಾಸವೂ ಇಲ್ಲ. 2023ರ ಅಕ್ಟೋಬರ್ 1ರಿಂದ ಬಿಲ್ಲಿನಲ್ಲಿ ಬರೆದ ಗ್ರಾಹಕನ ವಿಳಾಸವನ್ನೇ ಲೆಕ್ಕಕ್ಕೆ ಹಿಡಿಯುವ ನಿಯಮ ಬಂದಿದೆ. ಹಾಗಾಗಿ ಪೆರ್ಲದ ವಿಳಾಸ ಬರೆಸಿದರೆ ಪುತ್ತೂರಿನ ಅಂಗಡಿಯವರೂ ಐಜಿಎಸ್‌ಟಿಯನ್ನೇ ಹಾಕಬೇಕು. ಮೊತ್ತ ಆಗಲೂ ಅಷ್ಟೇ.

ನಮ್ಮಲ್ಲಿ ಈ ಅನುಮಾನ ಬರುವುದಕ್ಕೆ ಕಾರಣವೂ ಇದೆ. 2017ರ ಜುಲೈ 1ರ ಮೊದಲು ಕರ್ನಾಟಕದ ವ್ಯಾಟ್ ಬೇರೆ, ಕೇರಳದ ವ್ಯಾಟ್ ಬೇರೆ ಇತ್ತು. ಆಚೆ ಕಡೆಯಿಂದ ಸಾಮಾನು ತಂದರೆ ಚೆಕ್‌ಪೋಸ್ಟಿನಲ್ಲಿ ಕಾಗದ ತೋರಿಸಬೇಕಿತ್ತು, ಸ್ವಂತ ಬಳಕೆಗೆ ಎಂದು ಬರೆದುಕೊಡಬೇಕಿತ್ತು. ಆ ಕಾಲದ ತೆರಿಗೆ ಚೆಕ್‌ಪೋಸ್ಟುಗಳು ಜಿಎಸ್‌ಟಿ ಬಂದ ಮೇಲೆ ಮುಚ್ಚಿದವು. ಆಮೇಲೂ ಎರಡು ವರ್ಷ ಒಂದು ವ್ಯತ್ಯಾಸ ನಿಜವಾಗಿಯೇ ಇತ್ತು. ಪ್ರವಾಹದ ನಂತರ ಕೇರಳ ಸರ್ಕಾರ 2019ರ ಆಗಸ್ಟ್ 1ರಿಂದ 2021ರ ಜುಲೈ 31ರವರೆಗೆ ಶೇ 5ಕ್ಕಿಂತ ಹೆಚ್ಚು ತೆರಿಗೆಯ ಸರಕುಗಳಿಗೆ ಶೇ 1ರ ಸೆಸ್ ಹಾಕಿತ್ತು. ಕೇರಳದೊಳಗೆ ಸಾಮಾನ್ಯ ಗ್ರಾಹಕರಿಗೆ ಮಾರುವ ವಸ್ತುಗಳಿಗೆ ಮಾತ್ರ ಅದು ಅನ್ವಯವಾಗುತ್ತಿತ್ತು. ಬದಿಯಡ್ಕದ ಅಂಗಡಿಯಲ್ಲಿ ಕೊಂಡರೆ ಸೆಸ್ ಇತ್ತು, ಹೊರ ರಾಜ್ಯದಿಂದ ಆನ್‌ಲೈನ್‌ನಲ್ಲಿ ಬಂದದ್ದಕ್ಕೆ ಇರಲಿಲ್ಲ. ಅದು ಮುಗಿದ ಕಥೆ. ಈಗಲೂ ಯಾರಾದರೂ ಅದನ್ನು ಬಿಲ್ಲಿಗೆ ಸೇರಿಸಿದರೆ ಕೊಡಬೇಕಾಗಿಲ್ಲ.

ವಿಟ್ಲದ ಪಿನ್ ಹಾಕಿದಾಗ ಅದೇ ಯಂತ್ರಕ್ಕೆ ಕಡಿಮೆ ಬೆಲೆ ತೋರಿಸಿತು ಎಂದಿದ್ದೀರಿ. ಅದು ಸುಳ್ಳಲ್ಲ, ಆದರೆ ಅದಕ್ಕೆ ತೆರಿಗೆ ಕಾರಣವಲ್ಲ. 671ರಿಂದ ಶುರುವಾಗುವ ನಮ್ಮ ಪಿನ್ ಹಾಕಿದಾಗ ಒಬ್ಬ ಮಾರಾಟಗಾರ, 574ರಿಂದ ಶುರುವಾಗುವ ದಕ್ಷಿಣ ಕನ್ನಡದ ಪಿನ್ ಹಾಕಿದಾಗ ಇನ್ನೊಬ್ಬ ಮಾರಾಟಗಾರ ಎದುರಿಗೆ ಬರಬಹುದು. ಸಾಗಾಟದ ಖರ್ಚೂ ಬೇರೆಯಾಗಬಹುದು. ಬೆಲೆಯ ಕೆಳಗೆ ಮಾರಾಟಗಾರನ ಹೆಸರು ಸಣ್ಣ ಅಕ್ಷರದಲ್ಲಿ ಇರುತ್ತದೆ. ಎರಡೂ ಪಿನ್ ಹಾಕಿ ಆ ಹೆಸರನ್ನು ಹೋಲಿಸಿ ನೋಡಿ. ಸಾಗಾಟದ ಖರ್ಚಿಗೂ ತೆರಿಗೆ ಬೀಳುತ್ತದೆ ಎಂಬುದು ನೆನಪಿರಲಿ. ಮಾರುವವನೇ ತಲುಪಿಸಿಕೊಡುವಾಗ ಸಾಮಾನಿಗೆ ಎಷ್ಟು ದರವೋ ಅದರ ಸಾಗಾಟಕ್ಕೂ ಸಾಮಾನ್ಯವಾಗಿ ಅದೇ ದರ. ಶೇ 18ರ ಯಂತ್ರಕ್ಕೆ ₹500 ಸಾಗಾಟ ಎಂದರೆ ₹590 ಆಯಿತು.

ನಮ್ಮ ಒಳದಾರಿಗಳಿಗೆ ಕೊರಿಯರಿನವರು ಬರುವುದಿಲ್ಲ ಎಂಬ ಕಾರಣಕ್ಕೆ ವಿಟ್ಲಕ್ಕೋ ಸುಳ್ಯಕ್ಕೋ ತರಿಸುವುದಾದರೆ ಧಾರಾಳವಾಗಿ ತರಿಸಿ. ಒಮ್ಮೆ ತೆರಿಗೆ ಕೊಟ್ಟು ಕೊಂಡ ವಸ್ತುವನ್ನು ಗಡಿಯ ಸಾರಡ್ಕ ದಾಟಿಸಿ ಮನೆಗೆ ತರುವಾಗ ಇನ್ನೊಮ್ಮೆ ತೆರಿಗೆ ಇಲ್ಲ. ಆದರೆ ಎರಡು ವಿಷಯ ನೋಡಿಕೊಳ್ಳಿ. ಹಿಂದಿರುಗಿಸಬೇಕಾಗಿ ಬಂದರೆ ತಲುಪಿಸಿದ ವಿಳಾಸಕ್ಕೇ ಬಂದು ಒಯ್ಯುತ್ತಾರೆ, ಆಗ ಯಂತ್ರವನ್ನು ಪುನಃ ತಂಗಿಯ ಮನೆಗೆ ಸಾಗಿಸಬೇಕು. ಎರಡನೆಯದಾಗಿ, ತಲುಪಿಸುವ ವಿಳಾಸ ಯಾವುದೇ ಇರಲಿ, ಬಿಲ್ಲು ನಿಮ್ಮ ಹೆಸರಿನಲ್ಲೇ ಇರಲಿ. ವಾರಂಟಿ ಕೇಳುವಾಗ ಮೊದಲು ನೋಡುವುದೇ ಅದನ್ನು. ಅಂಗಡಿಯಿಂದ ನೀವೇ ಜೀಪಿನಲ್ಲಿ ಐವತ್ತು ಸಾವಿರಕ್ಕಿಂತ ಹೆಚ್ಚಿನ ಬೆಲೆಯ ಯಂತ್ರ ತರುವುದಾದರೆ ಅಂಗಡಿಯವರಿಂದಲೇ ಇ-ವೇ ಬಿಲ್ (ಸರಕು ಸಾಗಾಟದ ಆನ್‌ಲೈನ್ ದಾಖಲೆ) ಮಾಡಿಸಿಕೊಂಡು ಹೊರಡಿ. ದಾರಿಯಲ್ಲಿ ತಪಾಸಣೆಯವರು ನಿಲ್ಲಿಸಿದರೆ ತೋರಿಸಲು ಕೈಯಲ್ಲಿ ಕಾಗದ ಇರಬೇಕು.

ಇನ್ನು ಆ ಜಿಎಸ್‌ಟಿ ನಂಬರಿನ ಸಲಹೆ. ದಯವಿಟ್ಟು ಅದಕ್ಕೆ ಕೈಹಾಕಬೇಡಿ. ನಂಬರು ಹಾಕಿದ ಮಾತ್ರಕ್ಕೆ ಬಿಲ್ಲಿನ ತೆರಿಗೆ ಕಡಿಮೆಯಾಗುವುದಿಲ್ಲ. ನೋಂದಣಿ ಇರುವ ವ್ಯಾಪಾರಿ ಆ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಿಂದ ಕಳೆದುಕೊಳ್ಳಬಹುದು, ಅದೂ ತನ್ನ ವ್ಯಾಪಾರಕ್ಕೆ ಕೊಂಡದ್ದಾದರೆ ಮಾತ್ರ. ನಿಮ್ಮ ತೋಟದ ಯಂತ್ರದ ತೆರಿಗೆಯನ್ನು ಅವನು ಕಳೆದುಕೊಂಡರೆ ಅದು ತಪ್ಪು ಲೆಕ್ಕ; ನಾಳೆ ಬಡ್ಡಿ, ದಂಡ ಎಂದು ನೋಟಿಸು ಬರುವುದು ಅವನಿಗೆ. ಯಂತ್ರದ ಬಿಲ್ಲು ಅವನ ಹೆಸರಿನಲ್ಲಿ, ಯಂತ್ರ ನಿಮ್ಮ ಕೊಟ್ಟಿಗೆಯಲ್ಲಿ. ಗೇರ್ ಬಾಕ್ಸ್ ಹೋದರೆ ವಾರಂಟಿ ಕೇಳುವವರು ಯಾರು? ತನ್ನ ಭೂಮಿಯಲ್ಲಿ ಬೆಳೆದದ್ದನ್ನು ಮಾರುವ ಕೃಷಿಕನಿಗೆ ಜಿಎಸ್‌ಟಿ ನೋಂದಣಿ ಬೇಕಾಗಿಲ್ಲ. ನಾವು ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೆ ಅಡಿಕೆ ಕೊಡುವಾಗ ನಂಬರಿಲ್ಲದೆಯೇ ಕೊಡುತ್ತೇವಲ್ಲ. ಆ ಅನುಕೂಲದ ಇನ್ನೊಂದು ಮುಖ ಏನೆಂದರೆ, ಕೊಂಡ ಸಾಮಾನಿನ ತೆರಿಗೆ ನಮಗೆ ವಾಪಸು ಸಿಗುವುದಿಲ್ಲ. ಆದ್ದರಿಂದಲೇ ದರ ಸರಿಯಾಗಿದೆಯೇ ಎಂದು ನೋಡುವುದು ವ್ಯಾಪಾರಿಗಿಂತ ನಮಗೆ ಹೆಚ್ಚು ಮುಖ್ಯ.

ಈಗ ಅಸಲು ವಿಷಯ. ತೆರಿಗೆ ಬದಲಾಗುವುದು ಎಲ್ಲಿಂದ ಕೊಂಡಿರಿ ಎಂಬುದರಿಂದಲ್ಲ, ಕೊಂಡದ್ದನ್ನು ಬಿಲ್ಲಿನಲ್ಲಿ ಏನೆಂದು ಬರೆದಿದ್ದಾರೆ ಎಂಬುದರಿಂದ. ಬಿಲ್ಲಿನಲ್ಲಿ ಸಾಮಾನಿನ ಹೆಸರಿನ ಪಕ್ಕದಲ್ಲೋ ಕೆಳಗೋ ಎಚ್‌ಎಸ್‌ಎನ್ ಎಂದು, ಸರಕು ಯಾವ ವರ್ಗದ್ದು ಎಂದು ತಿಳಿಸುವ ನಾಲ್ಕು, ಆರು ಅಥವಾ ಎಂಟು ಅಂಕಿಯ ಸಂಖ್ಯೆ ಇರುತ್ತದೆ. ದರ ನಿಂತಿರುವುದು ಅದರ ಮೇಲೆ. ನೀವು ಹಾಕಿದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಲ್ಯಾಟರಲ್‌ನ ಸಾಲಿನಲ್ಲಿ 3917 ಎಂದಿದೆ. ಅದು ಸಾಮಾನ್ಯ ಪ್ಲಾಸ್ಟಿಕ್ ಪೈಪಿನ ಸಂಖ್ಯೆ, ದರ ಶೇ 18. ಹನಿ ನೀರಾವರಿ ವ್ಯವಸ್ಥೆ, ಅದರ ಲ್ಯಾಟರಲ್, ಸ್ಪ್ರಿಂಕ್ಲರ್ ಇವು 8424ರ ಕೆಳಗೆ ಬರುತ್ತವೆ. ಇವಕ್ಕೆ ಮೊದಲು ಶೇ 12 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 5. ತೆರಿಗೆ ಸೇರುವ ಮೊದಲಿನ ಬೆಲೆ ₹10,000 ಆಗಿದ್ದರೆ ಒಂದು ಸಂಖ್ಯೆಯಲ್ಲಿ ₹11,800, ಇನ್ನೊಂದರಲ್ಲಿ ₹10,500. ₹1,300ರ ವ್ಯತ್ಯಾಸ! ಇಡೀ ತೋಟಕ್ಕೆ ಹಾಕುವಾಗ ಇದು ಸಣ್ಣ ಮೊತ್ತವಲ್ಲ. ನೀರು ಸಾಗಿಸಲು ಕೊಂಡ ಬರೀ ಪಿವಿಸಿ ಪೈಪಿಗೆ ಶೇ 18 ಸರಿ. ಹನಿ ನೀರಾವರಿಗೆಂದೇ ಮಾಡಿದ, ಡ್ರಿಪ್ಪರ್ ಒಳಗೇ ಕೂರಿಸಿದ ಲ್ಯಾಟರಲ್‌ಗೆ ಅದನ್ನು ಹಾಕಿದ್ದರೆ ಕೇಳಲೇಬೇಕು.

ವೀಡ್ ಕಟ್ಟರಿನ ವಿಷಯದಲ್ಲಿ ನನಗೆ ತಕರಾರಿಲ್ಲ. ಕೈಯಲ್ಲಿ ಹಿಡಿದು ನಡೆಸುವ ಮೋಟಾರು ಉಪಕರಣಗಳ 8467ಕ್ಕೆ ಶೇ 18 ಇದೆ, ನಿಮ್ಮ ಬಿಲ್ಲಿನಲ್ಲೂ ಅದೇ ಇದೆ. ಮಣ್ಣು ಹದ ಮಾಡುವ ಟಿಲ್ಲರಿನಂಥ ಯಂತ್ರಗಳು ಶೇ 5ಕ್ಕೆ ಇಳಿದಿವೆ. ನೀರೆತ್ತುವ ವಿದ್ಯುತ್ ಪಂಪಿನ ದರ ಮಾತ್ರ 2022ರ ಜುಲೈ 18ರಂದು ಶೇ 12ರಿಂದ 18ಕ್ಕೆ ಏರಿದ್ದು, 2025ರ ಇಳಿಕೆಯಲ್ಲೂ ಕೆಳಗೆ ಬರಲಿಲ್ಲ. ಬೇಸಿಗೆಯಲ್ಲಿ ತೋಟ ಉಳಿಯುವುದೇ ಪಂಪಿನಿಂದ. ಟ್ರ್ಯಾಕ್ಟರಿಗೆ ಶೇ 5 ಇರುವಾಗ ಪಂಪಿಗೆ 18 ಏಕೆ ಎಂದು ನಮ್ಮ ಸಹಕಾರಿ ಸಂಘಗಳು ಗಟ್ಟಿಯಾಗಿ ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಕತ್ತಿ, ಹಾರೆ, ಗುದ್ದಲಿ, ಗಿಡ ಸವರುವ ಕತ್ತರಿಯಂಥ ಕೈ ಉಪಕರಣಗಳಿಗೆ ತೆರಿಗೆಯೇ ಇಲ್ಲ. ಆನ್‌ಲೈನ್‌ನಲ್ಲಿ ಇವನ್ನು ಬೇರೆ ಸಂಖ್ಯೆಯ ಕೆಳಗೆ ಹಾಕಿ ತೆರಿಗೆ ಸೇರಿಸಿದ್ದರೆ ಗಮನಿಸಿ.

ಮಳೆಗಾಲದ ಮೊದಲು ಎಲ್ಲರೂ ಕೊಳ್ಳುವ, ಅಡಿಕೆಗೆ ಕೊಳೆರೋಗ ಬಾರದಂತೆ ಸಿಂಪಡಿಸುವ ಬೋರ್ಡೋ ದ್ರಾವಣದ ಸಾಮಗ್ರಿಯಲ್ಲೂ ಹೀಗೆಯೇ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತಿಗೆ ಶೇ 18, ಸುಣ್ಣಕ್ಕೆ ಶೇ 5. ಎರಡನ್ನೂ ಸೇರಿಸಿ ಕಿಟ್ ಎಂದು ಆನ್‌ಲೈನ್‌ನಲ್ಲಿ ಮಾರುವುದುಂಟು. ಬೇರೆ ಬೇರೆ ದರದ ವಸ್ತುಗಳನ್ನು ಒಂದೇ ಬೆಲೆಗೆ ಕಟ್ಟಿ ಕೊಟ್ಟರೆ ಒಟ್ಟು ಮೊತ್ತಕ್ಕೆ ಹೆಚ್ಚಿನ ದರವೇ ಬೀಳಬಹುದು. ಸುಣ್ಣವನ್ನು ಇಲ್ಲಿಯೇ ಕೊಳ್ಳಿ. ನೀವು ನೋಡಿ ಆರಿಸಿದ ಒಳ್ಳೆಯ ಚಿಪ್ಪುಸುಣ್ಣದ ಮುಂದೆ ಆ ಪೊಟ್ಟಣದ ಪುಡಿ ನಿಲ್ಲುವುದಿಲ್ಲ. ಕಾಳುಮೆಣಸಿನ ಬುಡಕ್ಕೆ ಹಾಕುವ ಟ್ರೈಕೋಡರ್ಮಾ, ಸುಡೊಮೊನಾಸ್ ಎಂಬ ಜೈವಿಕ ಔಷಧಿಗಳು ಮತ್ತು ಬೇವಿನ ಕೀಟನಾಶಕಗಳು ಶೇ 12ರಿಂದ 5ಕ್ಕೆ ಬಂದಿವೆ. ರಾಸಾಯನಿಕ ಕೀಟನಾಶಕಗಳಿಗೆ ಶೇ 18 ಹಾಗೆಯೇ ಇದೆ.

ದರ ಇಳಿದಾಗ ಬೆಲೆ ಎಷ್ಟು ಇಳಿಯಬೇಕು ಎಂಬ ಲೆಕ್ಕದಲ್ಲೂ ಗೊಂದಲ ಕಂಡೆ. ಶೇ 12ರಿಂದ 5 ಆದರೆ ಬೆಲೆ ಶೇ 7 ಇಳಿಯುವುದಿಲ್ಲ. ₹11,200 ಇದ್ದದ್ದು ₹10,500 ಆಗಬೇಕು, ಅಂದರೆ ₹700; ಹಳೆಯ ಬೆಲೆಯ ಮೇಲೆ ಅದು ಶೇ 6.25. ಹಾಗೆಯೇ ಶೇ 18 ಸೇರಿದ ಮೊತ್ತದೊಳಗಿನ ತೆರಿಗೆ ತಿಳಿಯಲು 118ರಿಂದ ಭಾಗಿಸಿ 18ರಿಂದ ಗುಣಿಸಬೇಕು. ಪೆಟ್ಟಿಗೆಯ ಮೇಲಿನ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ, ಅದರ ಮೇಲೆ ಜಿಎಸ್‌ಟಿ ಬೇರೆ ಕೇಳುವಂತಿಲ್ಲ. ಬಿಲ್ಲಿನಲ್ಲೇ ಕಳೆದ ರಿಯಾಯಿತಿಯಿಂದ ತೆರಿಗೆಯೂ ಕಡಿಮೆಯಾಗುತ್ತದೆ. ಬ್ಯಾಂಕಿನ ಕಾರ್ಡಿಗೆ ಆಮೇಲೆ ಬರುವ ಕ್ಯಾಷ್‌ಬ್ಯಾಕಿನಿಂದ ತೆರಿಗೆ ಕಡಿಮೆಯಾಗುವುದಿಲ್ಲ.

ಹಾಗಾದರೆ ಅಂಗಡಿಯೋ ಆನ್‌ಲೈನೋ? ತೆರಿಗೆಯನ್ನು ಲೆಕ್ಕದಿಂದ ತೆಗೆದಿಟ್ಟು ಯೋಚಿಸಿ. ಲ್ಯಾಟರಲ್, ಫಿಲ್ಟರ್, ಜಾಯಿಂಟ್‌ಗಳಂಥವು ಆನ್‌ಲೈನ್‌ನಲ್ಲಿ ಅಗ್ಗವಾಗಿ ಸಿಕ್ಕರೆ ತರಿಸಬಹುದು. ಎಂಜಿನ್ ಇರುವುದನ್ನು ಬಿಡಿಭಾಗ ಹತ್ತಿರದಲ್ಲಿ ಸಿಗುವಲ್ಲಿಯೇ ಕೊಳ್ಳಿ. ಅಡಿಕೆ ಕೊಯ್ಯುವ ದೋಟಿಯನ್ನಂತೂ ಎತ್ತಿ ಹಿಡಿದು, ತೂಕ ಮತ್ತು ಬಾಗುವಿಕೆ ನೋಡದೆ ತೆಗೆದುಕೊಳ್ಳಲೇಬೇಡಿ. ಅಂಗಡಿಯಲ್ಲಿ ಬಿಲ್ಲಿಲ್ಲದೆ ಕಡಿಮೆಗೆ ಕೊಡುತ್ತೇನೆ ಎಂದರೆ ಒಪ್ಪಬೇಡಿ. ಉಳಿಯುವ ಹಣಕ್ಕಿಂತ ಕಳೆದುಕೊಳ್ಳುವ ವಾರಂಟಿ ದೊಡ್ಡದು. ಕಾಂಪೊಸಿಷನ್ ಯೋಜನೆಯಲ್ಲಿರುವ (ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆಯನ್ನು ತಾವೇ ಕಟ್ಟುವ) ಸಣ್ಣ ಅಂಗಡಿಯವರು ಮಾತ್ರ ಗ್ರಾಹಕರಿಂದ ಜಿಎಸ್‌ಟಿ ಪಡೆಯುವಂತೆಯೇ ಇಲ್ಲ, ಅವರ ಬಿಲ್ಲಿನಲ್ಲಿ ತೆರಿಗೆಯ ಸಾಲು ಇರಬಾರದು. ಮತ್ತೆ, ಯಂತ್ರಕ್ಕೆ ಕೃಷಿ ಯಾಂತ್ರೀಕರಣದ ಸಹಾಯಧನ ಪಡೆಯುವ ಯೋಚನೆ ಇದ್ದರೆ ಮೊದಲು ಅರ್ಜಿ ಹಾಕಿ, ಮಂಜೂರಾದ ಮೇಲೆ ಯೋಜನೆಯಲ್ಲಿ ನೋಂದಾಯಿಸಿದ ವಿತರಕರಿಂದಲೇ ಕೊಳ್ಳಬೇಕು. ಆನ್‌ಲೈನ್‌ನಲ್ಲಿ ಕೊಂಡು ಬಿಲ್ಲು ಹಿಡಿದುಕೊಂಡು ಕೃಷಿಭವನಕ್ಕೆ ಹೋದರೆ ಪ್ರಯೋಜನವಿಲ್ಲ.

ನಿಮ್ಮ ಲ್ಯಾಟರಲ್ ಬಿಲ್ಲಿನ ವಿಷಯಕ್ಕೆ ಈಗ ಮಾಡಬೇಕಾದದ್ದು ಇದು. ಆ್ಯಪಿನ ಮೂಲಕವೇ ಮಾರಾಟಗಾರನಿಗೆ ಬರೆಯಿರಿ. ಫೋನಿನಲ್ಲಿ ಹೇಳಿದ ಮಾತಿಗೆ ದಾಖಲೆ ಉಳಿಯುವುದಿಲ್ಲ. ಲ್ಯಾಟರಲ್‌ನ ಮೇಲೆ ಅಚ್ಚಾಗಿರುವ ಅಕ್ಷರಗಳ ಫೋಟೋ ಹಾಕಿ, ಇದು ಹನಿ ನೀರಾವರಿಯ ಲ್ಯಾಟರಲ್, 8424ರ ಬದಲು 3917 ಎಂದು ಏಕೆ ಹಾಕಿದ್ದೀರಿ ಎಂದು ಕೇಳಿ. ತಪ್ಪು ಒಪ್ಪಿಕೊಂಡರೆ ಹೆಚ್ಚುವರಿ ಮೊತ್ತಕ್ಕೆ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಇಳಿಸುವ ತಿದ್ದುಪಡಿ ಕಾಗದ) ಮಾಡಿ ಹಣ ವಾಪಸು ಕೊಡಲು ಅವರಿಗೆ ಕಾನೂನಿನಲ್ಲೇ ದಾರಿ ಇದೆ. ಉತ್ತರ ಬಾರದಿದ್ದರೆ ಆ ತಾಣದ ದೂರು ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಅವರು 48 ಗಂಟೆಯೊಳಗೆ ದೂರು ಸಿಕ್ಕಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಅಲ್ಲಿಯೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕೊನೆಗೆ ಗ್ರಾಹಕ ಆಯೋಗ ಇದೆ. ಮಾರಾಟಗಾರ ಯಾವ ಊರಿನವನಾದರೂ ನೀವು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಕಾಸರಗೋಡಿನಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

ಮಾರಾಟಗಾರನ ಉತ್ತರ ಬಂದ ಕೂಡಲೇ ಇಲ್ಲಿ ಹಾಕಿ. ಅದೇ ಲ್ಯಾಟರಲ್ ತರಿಸಿದ ಮುಳ್ಳೇರಿಯಾ, ಅಡೂರು ಕಡೆಯವರೂ ತಮ್ಮ ಬಿಲ್ಲಿನ ಆ ಸಂಖ್ಯೆಯನ್ನು ನೋಡಿ ಬರೆಯಿರಿ. ಫೋಟೋ ಹಾಕುವಾಗ ಫೋನ್ ನಂಬರು, ವಿಳಾಸ ಮುಚ್ಚಿ ಹಾಕಿ.