ಹಳೆ ಸ್ಟೀಲ್ ಫ್ರೇಮಿಗೆ ಯಾವ ಫ್ರಂಟ್ ಡಿರೇಲರ್ ಸರಿಹೋಗುತ್ತೆ?

ಹಳೆ ಸ್ಟೀಲ್ ಫ್ರೇಮ್, ಮುಂದೆ 48-38-28 ಹಲ್ಲಿನ ಮೂರು ರಿಂಗಿನ ಕ್ರ್ಯಾಂಕ್, ಹಿಂದೆ 11ರಿಂದ 32 ಹಲ್ಲಿನ 8 ಸ್ಪೀಡ್, ಫ್ಲ್ಯಾಟ್ ಹ್ಯಾಂಡಲ್, ಮೌಂಟನ್ ಬೈಕಿನ ಶಿಫ್ಟರ್ (ಗೇರ್ ಬದಲಿಸೋ ಲಿವರ್). ಇದಕ್ಕೆ ಫ್ರಂಟ್ ಡಿರೇಲರ್, ಅಂದರೆ ಮುಂದಿನ ರಿಂಗುಗಳ ನಡುವೆ ಚೈನು ಸರಿಸೋ ಭಾಗ, ಶಿಮಾನೋದ ಕ್ಲಾರಿಸ್ ಹಾಕಲಾ, ಟೂರ್ನಿ ಹಾಕಲಾ ಅಂತ ಕೇಳಿದ್ದೀರಿ. ದಯವಿಟ್ಟು ಹೆಸರು ನೋಡಿ ತಗೋಬೇಡಿ. ಒಂದೇ ಹೆಸರಲ್ಲಿ ಬೇರೆ ಬೇರೆ ಅಳತೆಯ ಡಿರೇಲರ್ ಬರುತ್ತವೆ, ಡಬ್ಬದ ಮೇಲೆ ಎದ್ದು ಕಾಣೋದು ಹೆಸರು.

ಮೊದಲು ಕ್ಲಾರಿಸ್ ವಿಷಯ ಮುಗಿಸೋಣ. ಅದು ರೋಡ್ ಸೈಕಲ್ಲಿನ ಸಾಮಾನು. ಶಿಮಾನೋದಲ್ಲಿ ರೋಡ್ ಮತ್ತು ಮೌಂಟನ್ ಫ್ರಂಟ್ ಡಿರೇಲರ್‌ಗಳಿಗೆ ಎಳೆಯಬೇಕಾದ ಕೇಬಲ್ ಅಳತೆ ಬೇರೆ ಬೇರೆ. ನಿಮ್ಮ ಶಿಫ್ಟರ್ ಒಂದು ಕ್ಲಿಕ್ಕಿಗೆ ಎಳೆಯೋ ಕೇಬಲ್ಲಿಗೂ ರೋಡ್ ಡಿರೇಲರ್ ಸರಿಯೋ ದೂರಕ್ಕೂ ತಾಳೆ ಆಗಲ್ಲ, ಎಷ್ಟು ತಿರುಪು ಬಿಗಿದರೂ ನಡುವಿನ ರಿಂಗಲ್ಲಿ ಚೈನು ಕೇಜಿಗೆ (ಚೈನಿನ ಎರಡೂ ಬದಿಗಿರೋ ಡಿರೇಲರ್ ಪ್ಲೇಟುಗಳಿಗೆ) ಉಜ್ಜುತ್ತಾನೇ ಇರುತ್ತೆ. ಕ್ಲಿಕ್ ಇಲ್ಲದ ಫ್ರಿಕ್ಷನ್ ಶಿಫ್ಟರ್ ಆದರೆ ಈ ತಲೆನೋವಿಲ್ಲ, ಯಾವುದನ್ನಾದರೂ ಎಳೆಯುತ್ತೆ. ನಿಮ್ಮದು ಕ್ಲಿಕ್ಕಿನದು, ಹಾಗಾಗಿ ಮೌಂಟನ್ ಅಥವಾ ಟ್ರೆಕ್ಕಿಂಗ್ ಟ್ರಿಪಲ್ (ಮೂರು ರಿಂಗಿನ) ಡಿರೇಲರ್ರೇ ಬೇಕು.

ಈಗ ಫ್ರೇಮ್. ಡಿರೇಲರನ್ನು ಸೀಟಿನ ಕೆಳಗಿನ ಟ್ಯೂಬಿಗೆ ಬಿಗಿಯೋ ಕ್ಲ್ಯಾಂಪ್ ಮೂರು ಅಳತೆಯಲ್ಲಿ ಸಿಗುತ್ತೆ: 28.6, 31.8, 34.9 ಮಿ.ಮೀ. ವರ್ನಿಯರ್ ಇಲ್ಲದಿದ್ದರೆ ಚಿಂತೆ ಬೇಡ. ಒಂದು ಪೇಪರ್ ಪಟ್ಟಿ ಕತ್ತರಿಸಿ ಸೀಟ್ ಟ್ಯೂಬಿಗೆ ಬಿಗಿಯಾಗಿ ಸುತ್ತಿ, ತುದಿ ಸೇರೋ ಕಡೆ ಪೆನ್ನಲ್ಲಿ ಗೆರೆ ಹಾಕಿ, ಬಿಚ್ಚಿ ಸ್ಕೇಲಿಗೆ ಹಿಡಿಯಿರಿ. 90 ಮಿ.ಮೀ. ಬಂದರೆ 28.6, 100 ಬಂದರೆ 31.8, 110 ಬಂದರೆ 34.9. ಹಳೆ ಸ್ಟೀಲ್ ಫ್ರೇಮಲ್ಲಿ ಸಾಮಾನ್ಯವಾಗಿ 28.6 ಇರುತ್ತೆ. ಸರಿಯಾದ ಕ್ಲ್ಯಾಂಪ್ ಸಿಗದಿದ್ದರೆ 34.9ರದ್ದು ತಗೊಂಡು ಒಳಗೆ ಶಿಮ್ (ಸಂದು ತುಂಬೋ ತೆಳು ಪಟ್ಟಿ) ಹಾಕಿ, ಅದರಲ್ಲಿ ಏನೂ ತಪ್ಪಿಲ್ಲ. ಆದರೆ ದೊಡ್ಡ ಟ್ಯೂಬಿಗೆ ಚಿಕ್ಕ ಕ್ಲ್ಯಾಂಪ್ ಹಿಡಿಸೋಕೆ ದಾರಿಯೇ ಇಲ್ಲ. ಕೇಬಲ್ ಬಾಟಮ್ ಬ್ರ್ಯಾಕೆಟ್ (ಕ್ರ್ಯಾಂಕಿನ ಆಕ್ಸಲ್ ಕೂರೋ ಜಾಗ) ಅಡಿಯಿಂದ ಬರುತ್ತಾ, ಮೇಲಿಂದ ಇಳಿಯುತ್ತಾ ಅದನ್ನೂ ನೋಡಿ. ಎರಡಕ್ಕೂ ಆಗೋ ಡ್ಯುಯಲ್ ಪುಲ್ ಸಿಕ್ಕರೆ ಒಳ್ಳೇದು.

ಜನ ಜಾಸ್ತಿ ಎಡವೋದು ಹಲ್ಲಿನ ಲೆಕ್ಕದಲ್ಲಿ. ಕೇಜಿನ ಬಾಗು ದೊಡ್ಡ ರಿಂಗಿನ ಬಾಗಿಗೆ ಹೊಂದಬೇಕು. 42 ಹಲ್ಲಿಗೆ ಮಾಡಿದ್ದನ್ನು 48ಕ್ಕೆ ಹಾಕಿದರೆ ಕೇಜಿನ ಮುಂಭಾಗ ಸರಿ ಅನ್ನಿಸಿದರೂ ಹಿಂಭಾಗ ರಿಂಗಿಗೆ ತಾಗುತ್ತೆ. ಅದಕ್ಕೇ ಅಂಗಡಿಯಲ್ಲಿ ‘48 ಹಲ್ಲಿನ ಟ್ರಿಪಲ್‌ಗೆ’ ಅಂತಲೇ ಕೇಳಿ. ಡಿರೇಲರಿನ ಕೆಪಾಸಿಟಿ ಅಂದರೆ ದೊಡ್ಡ ರಿಂಗಿನ ಹಲ್ಲಲ್ಲಿ ಚಿಕ್ಕ ರಿಂಗಿನ ಹಲ್ಲು ಕಳೆದದ್ದು, ನಿಮಗೆ 20 ಬೇಕು. ಟೂರ್ನಿಯಲ್ಲೂ 42ಕ್ಕೆ, 48ಕ್ಕೆ ಅಂತ ಬೇರೆ ಬೇರೆ ಬರುತ್ತೆ, 48ರದ್ದು ಸಿಕ್ಕರೆ ಧಾರಾಳವಾಗಿ ಹಾಕಿ. ದುಬಾರಿಯದ್ದೇ ಬೇಕಾಗಿಲ್ಲ.

ಚೈನ್‌ಲೈನ್ ಕೂಡ ಅಳೆದುಬಿಡಿ. ಸೀಟ್ ಟ್ಯೂಬಿನ ನಡುವಿಂದ ಮಧ್ಯದ ರಿಂಗಿನ ಹಲ್ಲಿನವರೆಗೆ ಮೌಂಟನ್ ಟ್ರಿಪಲಲ್ಲಿ 47.5 ಅಥವಾ 50 ಮಿ.ಮೀ. ಇರುತ್ತೆ. ಎರಡಕ್ಕೂ ಬೇರೆಯಾಗಿ ಜಾಸ್ತಿ ಕಮ್ಮಿ ಬಂದರೆ ಬಾಟಮ್ ಬ್ರ್ಯಾಕೆಟ್ ಆಕ್ಸಲ್ ಉದ್ದ ಬದಲಿಸಬೇಕು, ಡಿರೇಲರ್ ಬದಲಿಸಿ ಪ್ರಯೋಜನವಿಲ್ಲ.

ಮುಂದೆ ಒಂದೇ ರಿಂಗ್ ಇಟ್ಟು ಡಿರೇಲರ್ರೇ ಬಿಡಿ ಅಂತ ಯಾರಾದರೂ ಹೇಳಬಹುದು. ಲಗೇಜ್ ಹೊತ್ತು ಘಾಟಿ ಹತ್ತೋ ಆಸೆ ಇದ್ದರೆ ಬೇಡ. ಹಿಂದಿನ 32ರ ಜೊತೆ ಮುಂದೆ 28 ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರ 0.88 ಸುತ್ತು ಮಾತ್ರ, 38 ಒಂದೇ ಇದ್ದರೆ 1.19. ಏರಿನಲ್ಲಿ ಆ ವ್ಯತ್ಯಾಸ ಮೊಣಕಾಲಿಗೆ ಗೊತ್ತಾಗುತ್ತೆ.

ಹಾಕುವಾಗ ಕೇಜಿನ ಹೊರ ಪ್ಲೇಟು ದೊಡ್ಡ ರಿಂಗಿನ ಹಲ್ಲಿಗಿಂತ 1ರಿಂದ 3 ಮಿ.ಮೀ. ಮೇಲಿರಲಿ, ಮೇಲಿಂದ ನೋಡಿದರೆ ರಿಂಗಿಗೆ ಸಮಾನಾಂತರವಾಗಿರಲಿ. ಇವೆರಡೂ ಸರಿಯಾದ ಮೇಲೆ ಲಿಮಿಟ್ ಸ್ಕ್ರೂ (ಡಿರೇಲರ್ ಮಿತಿ ಮೀರಿ ಸರಿಯದಂತೆ ತಡೆಯೋ ತಿರುಪು) ಮುಟ್ಟಿ. ಪೇಪರ್ ಪಟ್ಟಿಯ ಅಳತೆ ಮತ್ತು ಕೇಬಲ್ ಬರೋ ದಾರಿ ಕಾಮೆಂಟಲ್ಲಿ ಹಾಕಿ, ಯಾವ ಮಾಡೆಲ್ ಅಂತ ಒಟ್ಟಿಗೆ ಹುಡುಕೋಣ.