ಮೂವರ ಅನುಭವವೂ ನಿಜವೇ: ಶ್ವಾಸಕೋಶದ ಕವಾಟದ ಬಗ್ಗೆ ಓದುಗರೊಬ್ಬರಿಗೆ ಉತ್ತರ

ಹಾಸನ ಜಿಲ್ಲೆಯ ಓದುಗರೊಬ್ಬರು ತಮ್ಮ ಭಾವನವರ ಬಗ್ಗೆ ಬರೆದಿದ್ದಾರೆ. ಬಹುಕಾಲ ಬೀಡಿ ಸೇದಿ, ಕೆಲವು ವರ್ಷಗಳ ಹಿಂದೆ ಅದನ್ನು ಬಿಟ್ಟ ಆ ಹಿರಿಯರಿಗೆ ಎಂಫಿಸೀಮಾ ಎಂಬ ಶ್ವಾಸಕೋಶದ ಕಾಯಿಲೆ ಇದೆ. ಬಚ್ಚಲುಮನೆಯಿಂದ ನಡುಮನೆಗೆ ಬರುವಷ್ಟರಲ್ಲಿ ಎರಡು ಕಡೆ ಕೂರುತ್ತಾರೆ. ತಲೆ ಒರೆಸಿಕೊಳ್ಳಲು ಕೈ ಮೇಲೆತ್ತಿದರೂ ಏದುಸಿರು ಬರುತ್ತದೆ. ಶ್ವಾಸನಾಳದಲ್ಲಿ ಕವಾಟ ಕೂರಿಸುವ ಚಿಕಿತ್ಸೆಯನ್ನು ವೈದ್ಯರು ಸೂಚಿಸಿದ್ದಾರೆ. ಅಮೆರಿಕದಲ್ಲಿರುವ ಬಂಧುಗಳು ತಿಳಿಸಿದ ಪ್ರಕಾರ, ಇದನ್ನು ಮಾಡಿಸಿಕೊಂಡ ಒಬ್ಬರು ಮರುದಿನವೇ ಮಾತಾಡುತ್ತ ನಡೆದರಂತೆ. ಇನ್ನೊಬ್ಬರಿಗೆ ಶ್ವಾಸಕೋಶ ಕುಸಿದು ಎದೆಗೆ ನಳಿಕೆ ಹಾಕಬೇಕಾಯಿತಂತೆ. ಮೂರನೆಯವರಿಗೆ ಏನೂ ಗುಣ ಕಾಣದೆ ಕವಾಟಗಳನ್ನು ತೆಗೆಸಿದರಂತೆ. ‘ಯಾರ ಮಾತನ್ನು ನಂಬೋಣ?’ ಎಂಬುದು ಅವರ ಪ್ರಶ್ನೆ.

ಮೂವರ ಮಾತನ್ನೂ ನಂಬಿ. ಆದರೆ ಅವರಲ್ಲಿ ನಿಮ್ಮ ಭಾವನವರು ಯಾರನ್ನು ಹೋಲುತ್ತಾರೆ ಎಂಬುದನ್ನು ಪರೀಕ್ಷೆ ಮಾಡಿಸದೆ ಯಾರೂ ಹೇಳಲಾರರು.

ಎಂಫಿಸೀಮಾದಲ್ಲಿ ಗಾಳಿಗೂಡುಗಳ ಗೋಡೆಗಳು ಹರಿದುಹೋಗಿರುತ್ತವೆ. ಒಳಗೆ ಹೋದ ಗಾಳಿ ಪೂರ್ತಿ ಹೊರಬರದೆ, ಕೆಟ್ಟ ಭಾಗ ಉಬ್ಬಿಕೊಂಡು, ಇನ್ನೂ ಚೆನ್ನಾಗಿರುವ ಭಾಗವನ್ನು ಅದುಮುತ್ತದೆ. ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಾದ ವಪೆಯನ್ನೂ ಕೆಳಕ್ಕೆ ತಳ್ಳುತ್ತದೆ. ನಿಟಿನಾಲ್ ಎಂಬ ಲೋಹದ ತಂತಿಯ ಬಲೆ ಮತ್ತು ಸಿಲಿಕೋನ್‌ನಿಂದ ಮಾಡಿದ ಪುಟ್ಟ ಕವಾಟಗಳನ್ನು, ಸಾಮಾನ್ಯವಾಗಿ ಮೂರರಿಂದ ಐದನ್ನು, ಬ್ರಾಂಕೋಸ್ಕೋಪ್ (ಶ್ವಾಸನಾಳದೊಳಗೆ ಇಳಿಸಿ ನೋಡುವ ತೆಳು ನಳಿಕೆ) ಮೂಲಕ ಆ ಕೆಟ್ಟ ಹಾಲೆಗೆ, ಅಂದರೆ ಶ್ವಾಸಕೋಶದ ಆ ವಿಭಾಗಕ್ಕೆ, ಹೋಗುವ ಕೊಳವೆಗಳಲ್ಲಿ ಕೂರಿಸುತ್ತಾರೆ. ಎದೆ ಕೊಯ್ಯುವುದಿಲ್ಲ. ಕವಾಟ ಗಾಳಿಯನ್ನು ಹೊರಗೆ ಬಿಡುತ್ತದೆ, ಒಳಗೆ ಬಿಡುವುದಿಲ್ಲ. ಹಾಗಾಗಿ ಉಬ್ಬಿದ ಹಾಲೆ ಕುಗ್ಗಿ, ಪಕ್ಕದ ಹಾಲೆಗೆ ಜಾಗವಾಗುತ್ತದೆ.

ಇಲ್ಲಿ ಎಲ್ಲವೂ ನಿಂತಿರುವುದು ಹಾಲೆಗಳ ನಡುವಿನ ಸೀಳಿನ ಮೇಲೆ. ಬಲಗಡೆ ಮೂರು, ಎಡಗಡೆ ಎರಡು ಹಾಲೆಗಳಿವೆ. ಅವನ್ನು ಬೇರ್ಪಡಿಸುವ ಸೀಳು ಎಷ್ಟೋ ಜನರಲ್ಲಿ ಪೂರ್ತಿಯಾಗಿರುವುದಿಲ್ಲ. ಅಂಥವರಲ್ಲಿ ಮುಂಬಾಗಿಲು ಮುಚ್ಚಿದರೂ ಪಕ್ಕದ ಹಾಲೆಯಿಂದ ಗಾಳಿ ನುಸುಳುತ್ತದೆ, ಹಾಲೆ ಕುಗ್ಗುವುದೇ ಇಲ್ಲ. 2010ರಲ್ಲಿ ಪ್ರಕಟವಾದ, 321 ರೋಗಿಗಳಿದ್ದ ‘ವೆಂಟ್’ ಅಧ್ಯಯನದಲ್ಲಿ ಒಟ್ಟಾರೆ ಪ್ರಯೋಜನ ಅಲ್ಪವೇ ಆಗಿತ್ತು. ಸೀಳು ಪೂರ್ಣವಾಗಿದ್ದವರಲ್ಲಿ ಮಾತ್ರ ಅದು ಎದ್ದು ಕಂಡಿತು. ಆ ಪಾಠ ಕಲಿತ ನೆದರ್ಲೆಂಡ್ಸ್‌ನ ಗ್ರೋನಿಂಗನ್ ವೈದ್ಯರು, ಹಾಲೆಯ ಬಾಯಿಯನ್ನು ಸಣ್ಣ ಬಲೂನಿನಿಂದ ಮುಚ್ಚಿ ಗಾಳಿ ಸೋರುತ್ತದೆಯೇ ಎಂದು ಮೊದಲೇ ಅಳೆದು, ಸೋರದವರನ್ನಷ್ಟೇ ಆರಿಸಿಕೊಂಡು, 2015ರಲ್ಲಿ ಹೆಚ್ಚು ಭರವಸೆಯ ಫಲಿತಾಂಶ ಕೊಟ್ಟರು. ನಿಮ್ಮ ಬಂಧುಗಳು ಹೇಳಿದ ಮೂರನೆಯವರಿಗೆ ಈ ಸೋರಿಕೆಯೇ ಅಡ್ಡಿಯಾಗಿತ್ತೋ ಏನೋ. ಕವಾಟ ಸರಿದುಹೋಗುವುದೂ ಉಂಟು. ತೆಗೆಯಲು ಬರುತ್ತದೆ ಎಂಬುದು ಈ ಚಿಕಿತ್ಸೆಯ ಒಂದು ಅನುಕೂಲವೇ.

ಎರಡನೆಯವರ ಅನುಭವವನ್ನು ಅಪರೂಪವೆಂದು ತಳ್ಳಿಹಾಕಬೇಡಿ. 190 ರೋಗಿಗಳ ‘ಲಿಬರೇಟ್’ ಅಧ್ಯಯನದಲ್ಲಿ ಕವಾಟ ಕೂರಿಸಿಕೊಂಡ 128 ಜನರ ಪೈಕಿ 34 ಮಂದಿಗೆ, ಅಂದರೆ ನಾಲ್ವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿಗೆ, ಮೊದಲ 45 ದಿನಗಳಲ್ಲಿ ನ್ಯೂಮೋಥೊರಾಕ್ಸ್ (ಗಾಳಿ ಎದೆಗೂಡಿಗೆ ಸೋರಿ ಶ್ವಾಸಕೋಶ ಕುಸಿಯುವುದು) ಆಯಿತು. ಆ ಅವಧಿಯಲ್ಲಿ ನಾಲ್ವರು ತೀರಿಕೊಂಡರು. ಕೆಟ್ಟ ಹಾಲೆ ಬೇಗ ಕುಗ್ಗಿದಾಗ ಪಕ್ಕದ ಹಾಲೆ ಒಮ್ಮೆಲೇ ಹಿಗ್ಗಿ ಹರಿಯುವುದರಿಂದ ಹೀಗಾಗುತ್ತದೆ. ಇದು ಬಹುಪಾಲು ಮೊದಲ ಮೂರು ದಿನಗಳಲ್ಲೇ ಆಗುವುದರಿಂದ ಅಷ್ಟು ದಿನ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುತ್ತಾರೆ. ‘ಇಂದು ಮಾಡಿಸಿ ನಾಳೆ ಮನೆಗೆ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಇನ್ನು ಮೊದಲನೆಯವರು. ಅದೇ ಅಧ್ಯಯನದಲ್ಲಿ, ಒಂದು ವರ್ಷದ ಬಳಿಕ, ಒಂದು ಸೆಕೆಂಡಿನಲ್ಲಿ ಊದುವ ಗಾಳಿಯ ಪ್ರಮಾಣ ಶೇ. 15ರಷ್ಟಾದರೂ ಹೆಚ್ಚಿದ್ದು ಕವಾಟವಿದ್ದವರಲ್ಲಿ ಶೇ. 47.7 ಮಂದಿಗೆ, ಬರೀ ಔಷಧೋಪಚಾರದಲ್ಲಿದ್ದವರಲ್ಲಿ ಶೇ. 16.8 ಮಂದಿಗೆ. ಆರು ನಿಮಿಷದ ನಡಿಗೆಯಲ್ಲಿ ಎರಡು ಗುಂಪುಗಳ ಸರಾಸರಿ ಅಂತರ ಸುಮಾರು 39 ಮೀಟರ್. ಕಾಗದದ ಮೇಲೆ ಇದು ಚಿಕ್ಕ ಸಂಖ್ಯೆ. ಆದರೆ ನಡುವೆ ಕೂರದೆ ಬಚ್ಚಲಿನಿಂದ ನಡುಮನೆಗೆ ಬರುವುದು, ತಲೆಯನ್ನು ತಾನೇ ಒರೆಸಿಕೊಳ್ಳುವುದು, ಮೆಟ್ಟಿಲು ಹತ್ತುತ್ತ ಒಂದು ವಾಕ್ಯ ಮುಗಿಸುವುದು, ಇವೆಲ್ಲ ಆ ಮೀಟರುಗಳೊಳಗೇ ಇವೆ. ಉಸಿರಿಗಾಗಿ ಒದ್ದಾಡುವವರನ್ನು ಹತ್ತಿರದಿಂದ ಕಂಡ ಯಾರೂ ಅದನ್ನು ಚಿಕ್ಕದೆನ್ನಲಾರರು. ಹಾಗೆಂದು ಕಾಯಿಲೆ ವಾಸಿಯಾಗುವುದಿಲ್ಲ. ಇನ್‌ಹೇಲರ್ ಮುಂದುವರಿಯುತ್ತದೆ, ಕೆಮ್ಮು, ಕಫ, ಸೋಂಕು ಕಾಡಬಹುದು, ಕವಾಟ ಬದಲಿಸಲು ಮತ್ತೆ ಬ್ರಾಂಕೋಸ್ಕೋಪಿ ಬೇಕಾಗಬಹುದು.

ಆದ್ದರಿಂದ ವೈದ್ಯರ ಬಳಿ ಹೋದಾಗ ಹೀಗೆ ಕೇಳಿ: ಸಿ.ಟಿ. ಸ್ಕ್ಯಾನ್‌ನಲ್ಲಿ ಸೀಳು ಪೂರ್ಣವಾಗಿದೆಯೇ, ಸೋರಿಕೆಯನ್ನು ಅಳೆಯುತ್ತೀರಾ, ಇಲ್ಲಿ ಎಷ್ಟು ಮಂದಿಗೆ ಇದನ್ನು ಮಾಡಿದ್ದೀರಿ, ರಾತ್ರಿ ಹೊತ್ತು ಶ್ವಾಸಕೋಶ ಕುಸಿದರೆ ನಳಿಕೆ ಹಾಕುವವರು ಇರುತ್ತಾರೆಯೇ? ಒಟ್ಟು ಖರ್ಚನ್ನು, ಕವಾಟ ಬದಲಿಸುವ ಸಂದರ್ಭವನ್ನೂ ಸೇರಿಸಿ, ಬರೆಸಿಕೊಳ್ಳಿ. ಉಸಿರಾಟದ ವ್ಯಾಯಾಮ ಮತ್ತು ನಡಿಗೆಯ ತರಬೇತಿಯನ್ನು ಇನ್ನೂ ಆರಂಭಿಸಿಲ್ಲವಾದರೆ ಮೊದಲು ಅದಾಗಲಿ. ಮನೆಗೆ ಬಂದ ಮೇಲೆ ದಿಢೀರನೆ ಎದೆನೋವು ಅಥವಾ ಉಸಿರುಗಟ್ಟುವಿಕೆ ಕಂಡರೆ ಬೆಳಗಾಗಲೆಂದು ಕಾಯದೆ, ಹತ್ತಿರದ ದೊಡ್ಡ ಆಸ್ಪತ್ರೆಗೆ ಕರೆದೊಯ್ದು, ‘ಶ್ವಾಸನಾಳದಲ್ಲಿ ಕವಾಟ ಇದೆ’ ಎಂದು ಬಾಗಿಲಲ್ಲೇ ಹೇಳಿ.